ಬಿಸಿಗಣ್ಣಿನ ತಾತ

ಸೊಮೊತೊ ಊರಿನ ಹೆಂಚುಗಳನ್ನು ಪೊನ್ಸಿಯಾನೊ ವೀಲ್ಚೆಸ್‌ನಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ. ಯಾರ ಮಾಡಿನ ಹೆಂಚು ಒಡೆದಿದೆ, ಯಾರ ಸೂರಿನಡಿ ಬೆಕ್ಕು ಮರಿ ಹಾಕಿದೆ, ಯಾರ ಮನೆಯ ಹುಡುಗರು ಮಾಷ್ಟರ ಚಪ್ಪಲಿಯನ್ನು ಮೇಲೆಸೆದು ಮರೆತಿದ್ದಾರೆ, ಎಲ್ಲ ಅವನಿಗೆ ಗೊತ್ತು. ಹೆಂಚು ಹೊದಿಸುವುದು ಅವನ ಕಸುಬೇನಲ್ಲ. ಬೀದಿಯಲ್ಲಿ ಅವನು ತಲೆಯೆತ್ತಿಕೊಂಡೇ ನಡೆಯಬೇಕಿತ್ತು, ಅಷ್ಟೆ. ತಗ್ಗಿಸಿದರೆ ಯಾವ ತಾಯಿಯ ಸೊಂಟದ ಮೇಲಿನ ಕೂಸಿನ ಮೇಲೆ ಕಣ್ಣು ಬಿದ್ದೀತೋ ಎಂಬ ಭಯ. ಹೀಗೆ ನಡೆದು ಅವನು ಚರಂಡಿಗೆ ಬಿದ್ದಿದ್ದಾನೆ, ಕಟ್ಟಿಹಾಕಿದ ಹಂದಿಗೆ ಎಡವಿದ್ದಾನೆ. ಒಮ್ಮೆಯಂತೂ ಶವಯಾತ್ರೆಯ ನಡುವೆ ನುಗ್ಗಿ ಸತ್ತವನ ಹೆಂಡತಿಗೇ ಡಿಕ್ಕಿ ಹೊಡೆದು ಚೆನ್ನಾಗಿ ಉಗಿಸಿಕೊಂಡಿದ್ದಾನೆ.

ಕಾರಣ, ಅವನದು ಬಿಸಿಗಣ್ಣು. ಹಾಗಂತ ಊರು ತೀರ್ಮಾನ ಮಾಡಿತ್ತು. ನಮ್ಮೂರು ಒಮ್ಮೆ ತೀರ್ಮಾನ ಮಾಡಿತೆಂದರೆ ಮುಗೀತು, ದೇವರೇ ಬಂದು ಸಾಕ್ಷಿ ಹೇಳಿದರೂ ಕೇಳುವವರಿಲ್ಲ.

ಮೆಕ್ಕೆಜೋಳದ ಹಿಟ್ಟಿಗೆ ಚೀಸು, ಬೆಣ್ಣೆ ಕಲಸಿ, ಬಳೆಯ ಹಾಗೆ ಸುತ್ತಿ, ಮಣ್ಣಿನ ದೊಡ್ಡ ಒಲೆಯಲ್ಲಿ ಸುಡುವ ರೊಸ್ಕಿಯಾ ನಮ್ಮೂರಿಗೆ ಹೆಸರು ತಂದ ತಿಂಡಿ. ಹೆಂಡತಿ ಪೆತ್ರೋನಾ ಸುತ್ತುತ್ತಿದ್ದಳು, ಪೊನ್ಸಿಯಾನೊ ಸುಡುತ್ತಿದ್ದ. ದಿನವಿಡೀ ಒಲೆಯ ಬಾಯಿಗೆ ಮುಖ ಕೊಟ್ಟು ನಿಂತವನ ಕಣ್ಣು ಕೆಂಡದ ಹಾಗಿರದೆ ಇನ್ನು ಹೇಗಿರಬೇಕು? ಬಿಸಿಲಿಂದ ಬಂದವನು, ಕುಡಿದು ಬಂದವನು, ಬೆವರಿ ಬಂದವನು ಎಳೆಗೂಸನ್ನು ದಿಟ್ಟಿಸಿದರೆ ಆ ಕಾವು ಕೂಸಿಗೆ ತಗಲುತ್ತದೆ ಎನ್ನುವುದನ್ನು ನಮ್ಮ ಕಡೆ ಮಾತು ಬಾರದ ಮಕ್ಕಳೂ ಬಲ್ಲರು. ಹುಡುಗನಾಗಿದ್ದಾಗ ಪೊನ್ಸಿಯಾನೊ ಒಲೆ ಬಿಟ್ಟು ಹೊರಗೆ ಬಂದವನೇ ಶಾಲೆಯ ಮೇಡಮ್ಮನ ಮಗುವನ್ನು ನೋಡಿ, "ಅಬ್ಬಬ್ಬಾ, ಏನು ಕೆನ್ನೆ!" ಅಂದಿದ್ದ. ಸಂಜೆಯೊಳಗೆ ಮಗುವಿಗೆ ವಾಂತಿ, ಭೇದಿ. ಆ ಮಗು ಬಟ್ಟೆ ಸೋಪಿನ ತುಂಡು ತಿಂದಿತ್ತು ಅಂತ ಆಮೇಲೆ ತಿಳಿಯಿತು. ಆದರೆ ಸೋಪು ಪತ್ತೆಯಾಗುವ ಹೊತ್ತಿಗೆ ಇವನ ಹೆಸರು ಮೂರು ಕೇರಿ ದಾಟಿ ಹೋಗಿತ್ತು.

ಇದಕ್ಕೆ ಮದ್ದೂ ಉಂಟು. ಕಾವು ಕೊಟ್ಟವನ ಬೆವರಿನ ಅಂಗಿಯಲ್ಲೇ ಕೂಸನ್ನು ಸುತ್ತಿ ಮಲಗಿಸಬೇಕು, ಕಾವು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಹಾಗಾಗಿ ಊರಲ್ಲಿ ಯಾವ ಮಗುವಿಗೆ ಮೈ ಬಿಸಿಯಾದರೂ ತಾಯಂದಿರು ಸೀದಾ ಒಲೆಮನೆಗೆ ಬರುತ್ತಿದ್ದರು.

"ದೋನ್ ಪೊನ್ಸಿಯಾನೊ, ಸ್ವಲ್ಪ ಅಂಗಿ ಬಿಚ್ಚಿ ಕೊಡಿ."

"ನಿಮ್ಮ ಮಗೂನ ನಾನು ನೋಡೇ ಇಲ್ಲವಲ್ಲ ತಾಯಿ!"

"ನೋಡಿದ್ದು ನಿಮಗೆ ಗೊತ್ತಾಗಲ್ಲ, ಬಿಚ್ಚಿ."

ಬಿಚ್ಚುತ್ತಿದ್ದ. ಪೆತ್ರೋನಾ ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಳ್ಳುತ್ತಿದ್ದಳು. "ರೀ, ಇದ್ದ ಅಂಗಿಗಳೆಲ್ಲ ತೊಟ್ಟಿಲು ಸೇರಿದವಲ್ರೀ! ಭಾನುವಾರ ಇಗರ್ಜಿಗೆ ನನ್ನ ರವಿಕೆ ಹಾಕ್ಕೊಂಡು ಬರ್ತೀರಾ?" ಊರಲ್ಲಿ ಅವನ ಅಂಗಿ ತಬ್ಬಿಕೊಳ್ಳದ ಮಗು ಇರಲಿಲ್ಲ. ಅವನು ಎತ್ತಿಕೊಂಡ ಮಗು ಮಾತ್ರ ಒಂದೇ ಒಂದು, ಅವನ ಸ್ವಂತ ಮಗಳು ಯಾದೀರಾ. ಮಕ್ಕಳೆಂದರೆ ಪ್ರಾಣ ಬಿಡುವ ಮನುಷ್ಯನಿಗೆ ಇಂಥ ಹಣೆಬರಹ. ಹೊಟ್ಟೆ ಉರಿಯುತ್ತದೆ ನನಗೆ.

ಯಾದೀರಾ ಮದುವೆಯಾಗಿ ಪಕ್ಕದ ಕೇರಿಗೆ ಹೋದಳು. ಅಳಿಯ ಲಾರಿ ಓಡಿಸುವವನು, ಮನೆಗೆ ಅಪರೂಪಕ್ಕೆ ಮುಖ ತೋರಿಸುತ್ತಿದ್ದ. ಈ ಕಥೆಯಲ್ಲೂ ಅವನದು ಅಷ್ಟೇ ಪಾಲು. ಮನೆಯ ಯಜಮಾನಿಕೆ ಅವನ ತಾಯಿ ದೋನ್ಯಾ ತ್ರಾನ್ಸಿತೊಳದು. ಆಕೆ ಇಗರ್ಜಿಯಲ್ಲಿ ಸಂತರ ವಿಗ್ರಹಗಳಿಗೆ ಬಟ್ಟೆ ಉಡಿಸುವವಳು. ಮಾತಾಡುವಾಗ ಮುಖ ಓರೆ ಮಾಡಿಕೊಂಡು ಬಲಗಣ್ಣಿನಿಂದಷ್ಟೇ ಎದುರಿನವರನ್ನು ಅಳೆಯುತ್ತಿದ್ದಳು. "ಸಂತರ ಸಹವಾಸ ಮಾಡಿ ಮಾಡಿ ಮನುಷ್ಯರನ್ನ ಅರ್ಧ ಕಣ್ಣಲ್ಲಿ ನೋಡ್ತಾಳೆ, ಏನು ಜಂಬ!" ಎಂದು ಪೆತ್ರೋನಾ ಮೂತಿ ತಿರುವುತ್ತಿದ್ದಳು.

ಯಾದೀರಾಗೆ ಹೆಣ್ಣು ಮಗು ಹುಟ್ಟಿತು. ನೊಯೆಲಿಯಾ ಎಂದು ಹೆಸರಿಟ್ಟರು. ಪೊನ್ಸಿಯಾನೊ ಮಿಂದು, ಉಳಿದಿದ್ದ ಒಂದೇ ಅಂಗಿ ಹಾಕಿಕೊಂಡು, ಬುಟ್ಟಿ ತುಂಬ ರೊಸ್ಕಿಯಾ ಹೊತ್ತುಕೊಂಡು ಹೆಂಡತಿಯ ಜೊತೆ ಹೋದ. ಬಾಗಿಲಿಗೆ ಅಡ್ಡವಾಗಿ ತ್ರಾನ್ಸಿತೊ.

"ಅಲ್ಲೇ ನಿಲ್ಲಿ ಬೀಗರೇ!"

"ಮೊಮ್ಮಗಳನ್ನ ಒಂಚೂರು ನೋಡೋಣ ಅಂತ..."

"ನೋಡೋದೇ ಬೇಡ ಅಂತ ನಾನು ಹೇಳ್ತಿರೋದು."

"ಸ್ವಂತ ರಕ್ತಕ್ಕೆ ಕಾವು ತಾಗಲ್ಲ ಅಂತ ಎಲ್ಲರೂ ಹೇಳ್ತಾರಲ್ಲ ಬೀಗಿತಿ? ಯಾದೀರಾ ನನ್ನ ಎದೆ ಮೇಲೇ ಬೆಳೆದೋಳು. ಏನಾಯ್ತು ಹೇಳಿ?"

"ಅವಳು ಪೂರ್ತಿ ನಿಮ್ಮ ರಕ್ತ. ಈ ಮಗು ಅರ್ಧ ನಮ್ಮದು. ನಿಮ್ಮ ಅರ್ಧಕ್ಕೆ ತಾಗದೇ ಇರಬಹುದು, ನಮ್ಮ ಅರ್ಧದ ಗತಿ?"

"ಪೂರ್ತಿ ಅವರ ರಕ್ತ ಅಂದ್ರೆ ನಾನೇನು ಬರೀ ಮೂಟೆ ಹೊತ್ತವಳಾ?" ಎಂದು ಪೆತ್ರೋನಾ ರೇಗಿದಳು. ಇಬ್ಬರಿಗೂ ಜೋರಾಗಿ ಹತ್ತಿಕೊಂಡಿತು. ಕೊನೆಗೆ ಒಳಗಿನಿಂದ ಯಾದೀರಾ ಅಳುವ ದನಿಯಲ್ಲಿ ಒಂದು ರಾಜಿ ಸೂಚಿಸಿದಳು. ಮಗುವನ್ನು ಪೂರ್ತಿ ಹೊದಿಸಿ, ಒಂದು ಪಾದ ಮಾತ್ರ ಹೊರಗೆ ತೋರಿಸುವುದು. ತ್ರಾನ್ಸಿತೊ ಬಹಳ ಯೋಚನೆ ಮಾಡಿ, "ಅಂಗಾಲಿಗೆ ಕಾವು ಏರಲ್ಲ ಅನ್ಸುತ್ತೆ" ಎಂದು ಒಪ್ಪಿದಳು.

ಆ ಪಾದವನ್ನು ಕಂಡು ಪೊನ್ಸಿಯಾನೊ ಕರಗಿ ನೀರಾದ. ದಿನಾ ಒಲೆ ಆರಿದ ಮೇಲೆ ಹೋಗಿ ಪಾದದ ದರ್ಶನ ಮಾಡಿಕೊಂಡು ಬರುತ್ತಿದ್ದ. ರೊಸ್ಕಿಯಾ ಕೊಳ್ಳಲು ಬಂದವರಿಗೆಲ್ಲ, "ಕಿರುಬೆರಳು ನಮ್ಮಮ್ಮನದ್ದೇ ಕಣ್ರೀ! ಹಿಮ್ಮಡಿ ನೋಡಬೇಕು ನೀವು!" ಅಂತ ವರ್ಣಿಸುತ್ತಿದ್ದ. ಮುಖ ಹೇಗಿದೆ ಅಂತ ಯಾರಾದರೂ ಕೇಳಿದರೆ ಮಾತ್ರ ಒಲೆಗೆ ಸೌದೆ ತುರುಕುವ ಕೆಲಸ ನೆನಪಾಗುತ್ತಿತ್ತು.

ಇಷ್ಟಾದರೂ ತ್ರಾನ್ಸಿತೊಗೆ ಧೈರ್ಯವಿಲ್ಲ. ಮಗುವಿನ ಮುಂಗೈಗೆ ಕೆಂಪು ದಾರ, ದಾರಕ್ಕೆ ಜಿಂಕೆಯ ಕಣ್ಣಿನಂಥ ಕಂದು ಬೀಜ. ಕಿಟಕಿಗೆ ದಪ್ಪ ಪರದೆ, ತೊಟ್ಟಿಲಿಗೆ ಇನ್ನೊಂದು. ಮಗು ಎಚ್ಚರವಾದರೆ ಕಾಣುವುದು ಮಬ್ಬು ಗೋಡೆ, ಅಜ್ಜಿಯ ಓರೆ ಮುಖ. ಹೊರಗೆ ಬಿಸಿಲಿದೆ, ಕೋಳಿಗಳಿವೆ, ಬೀದಿಯಲ್ಲಿ ಬಣ್ಣಬಣ್ಣದ ಬಸ್ಸುಗಳಿವೆ ಅನ್ನುವುದು ಪಾಪ ಅದಕ್ಕೆ ಗೊತ್ತೇ ಇಲ್ಲ.

ದೀಕ್ಷಾಸ್ನಾನದ ದಿನ ಪೊನ್ಸಿಯಾನೊನನ್ನು ಇಗರ್ಜಿಯ ಹೊರಗೆ ನಿಲ್ಲಿಸಿದರು. ನಿಂತ. ಸ್ವಲ್ಪ ಹೊತ್ತು ನಿಂತ. ಒಳಗೆ ಪಾದ್ರಿಗಳು ತಲೆಗೆ ನೀರು ಹೊಯ್ದರು, ಮಗು ಕಿಟಾರನೆ ಕಿರುಚಿತು. ಇವನ ಕಾಲು ತಡೆಯಲಿಲ್ಲ. ಪಕ್ಕದ ಬಾಗಿಲ ಸಂದಿಗೆ ಕಣ್ಣಿಟ್ಟ. ಒಂದೇ ಒಂದು ಗಳಿಗೆ ಮಗುವಿನ ಮುಖ ಕಂಡಿತು. ಕಂಬನಿ ತುಂಬಿದ ಎರಡು ದೊಡ್ಡ ಕಣ್ಣು. "ಅಯ್ಯೋ ನನ್ನ ಬಂಗಾರಾ, ಎಂಥ ಕಣ್ಣೇ!" ಎಂದು ಮನಸ್ಸಿನಲ್ಲೇ ಅಂದುಕೊಂಡು ಹಿಂದೆ ಸರಿದ. ಇದನ್ನು ಪೆತ್ರೋನಾಗೂ ಹೇಳಲಿಲ್ಲ.

ನೊಯೆಲಿಯಾ ನಡೆಯಲು ಕಲಿಯುವ ಹೊತ್ತಿಗೆ ಅವಳ ಎಡಗಣ್ಣು ಮೆಲ್ಲಗೆ ಮೂಗಿನ ಕಡೆ ಸರಿಯತೊಡಗಿತು. ಮೊದಮೊದಲು ದಣಿದಾಗ ಮಾತ್ರ. ಆಮೇಲೆ ಊಟ ಮಾಡುವಾಗ. ಆಮೇಲೆ ಯಾವಾಗಲೂ. ಊರು ಬೆರಳು ತೋರಿಸುವುದಕ್ಕೆ ತಡಮಾಡಲಿಲ್ಲ. ತ್ರಾನ್ಸಿತೊ ಒಲೆಮನೆಯ ಮುಂದೆ ನಿಂತು ಕೇರಿಗೆಲ್ಲ ಕೇಳುವ ಹಾಗೆ ಕೂಗಿದಳು: "ಕದ್ದು ನೋಡಿದ್ದೀರಿ ನೀವು! ನಿಜ ಹೇಳಿ ಬೀಗರೇ!"

ಪೊನ್ಸಿಯಾನೊ ಸುಳ್ಳು ಹೇಳಲು ಬಾಯಿ ತೆರೆದ. ಬರಲಿಲ್ಲ. ಪೆತ್ರೋನಾ ಗಂಡನ ಮುಖ ನೋಡಿ ಹಿಟ್ಟಿನ ಪಾತ್ರೆ ಕೆಳಗಿಟ್ಟಳು. "ಹೌದೇನ್ರೀ?" ಎಂದಳು. ಅವನು ಹೌದೆಂದು ತಲೆಯಾಡಿಸಿದ.

ಅವತ್ತಿನಿಂದ ಪಾದದ ದರ್ಶನವೂ ಬಂದ್. ಅದು ಅವನಿಗೂ ಸರಿಯೆನಿಸಿತು. ಊರು ಏನಂದರೂ ಇಷ್ಟು ವರ್ಷ ಒಳಗೊಳಗೇ ನಗುತ್ತಿದ್ದವನು ಈಗ ನಂಬಿಬಿಟ್ಟ. ತಾನು ಹೊಗಳಿದ್ದು ಕಣ್ಣನ್ನೇ, ಕೆಟ್ಟಿದ್ದೂ ಕಣ್ಣೇ! ಯಾರೂ ಕೇಳದೆಯೇ ದಿನಾ ಬೆವರಿನ ಅಂಗಿ ಬಿಚ್ಚಿ ಮಗಳ ಮನೆಗೆ ಕಳಿಸತೊಡಗಿದ. ಮಗು ಹೊಗೆಯಲ್ಲಿ ಒಣಗಿಸಿದ ಮೀನಿನ ಹಾಗೆ ನಾತ ಹೊಡೆಯತೊಡಗಿತೇ ಹೊರತು ಕಣ್ಣು ಒಂದು ಎಳೆಯಷ್ಟೂ ಅತ್ತ ಸರಿಯಲಿಲ್ಲ. ತ್ರಾನ್ಸಿತೊ ಮೊಟ್ಟೆ ನಿವಾಳಿಸಿದಳು, ಕಣ್ಣು ಕಾಯುವ ಸಂತ ಲೂಸಿಯಾಳಿಗೆ ಹೊಸ ರೇಷ್ಮೆ ಉಡಿಸಿದಳು. ಊಹೂಂ.

ಯಾದೀರಾಗೆ ಸಾಕಾಗಿಹೋಯಿತು. "ಎಸ್ತೆಲಿ ಪಟ್ಟಣಕ್ಕೆ, ಕಣ್ಣಿನ ಡಾಕ್ಟರ ಹತ್ರ ಹೋಗ್ತೀನಿ" ಎಂದು ಹೊರಟಳು. ಮಗು, ಚೀಲ, ಎರಡು ಬಸ್ಸು, ಜೊತೆಗೊಬ್ಬರು ಬೇಕು. ತ್ರಾನ್ಸಿತೊ ಬಸ್ಸು ಹತ್ತಿದರೆ ವಾಂತಿ. ಪೆತ್ರೋನಾಗೆ ಹಬ್ಬದ ರೊಸ್ಕಿಯಾ ಸುತ್ತುವುದು ಬೆಟ್ಟದಷ್ಟಿತ್ತು. ಉಳಿದವನು ಒಬ್ಬನೇ.

"ಬರ್ತೀನಿ. ಆದ್ರೆ ತಲೆ ಮೇಲೆ ಟವೆಲ್ ಹಾಕ್ಕೊಂಡೇ ಬರ್ತೀನಿ" ಎಂದ ಪೊನ್ಸಿಯಾನೊ.

ಹಾಗೇ ಹೋದ. ಬಸ್ಸಿನಲ್ಲಿ ಮುಖದ ತುಂಬ ಟವೆಲ್ ಇಳಿಬಿಟ್ಟುಕೊಂಡು ಕೂತವನನ್ನು ನೋಡಿ ಕಂಡಕ್ಟರ್, "ಏನಮ್ಮಾ, ಇವರನ್ನ ಜೈಲಿಗೆ ಕರ್ಕೊಂಡು ಹೋಗ್ತಿದೀಯಾ?" ಎಂದು ಕೇಳಿದ. ಹಿಂದಿನ ಸೀಟಿನ ಮುದುಕಿ, "ಪಾಪ, ಹಲ್ಲುನೋವಿರಬೇಕು" ಎಂದು ಲವಂಗ ಕೊಟ್ಟಳು. ಟವೆಲಿನಡಿಯಿಂದಲೇ ಅದನ್ನು ಬಾಯಿಗೆ ಹಾಕಿಕೊಂಡು ಚಪ್ಪರಿಸಿದ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಗುವಿನ ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು, ಗಾಜುಗಳನ್ನು ಹಿಡಿದು, ಗೊಂಬೆ ಕುಣಿಸಿ ಬಹಳ ಹೊತ್ತು ನೋಡಿದಳು.

"ನೋಡಿ ಯಾದೀರಾ, ನಡೆಯೋದನ್ನ ಕಲಿತ ಹಾಗೆ ಮಕ್ಕಳು ನೋಡೋದನ್ನೂ ಕಲೀಬೇಕು. ಇವಳ ಎಡಗಣ್ಣಿಗೆ ಹುಟ್ಟಿನಿಂದ್ಲೇ ಪವರ್ ಜಾಸ್ತಿ, ಎಲ್ಲಾ ಮಸಕು. ಅದಕ್ಕೆ ಮಿದುಳು ಬಲಗಣ್ಣಿಗೇ ಕೆಲಸ ಕೊಟ್ಟು, ಈ ಕಣ್ಣಿಗೆ ಸುಮ್ನಿರು ಅಂದಿದೆ. ಕನ್ನಡಕ ಹಾಕೋಣ. ದಿನಾ ಸ್ವಲ್ಪ ಹೊತ್ತು ಬಲಗಣ್ಣು ಮುಚ್ಚಿ ಪಟ್ಟಿ ಅಂಟಿಸೋಣ. ಆಗ ಸೋಮಾರಿ ಕಣ್ಣು ಎದ್ದು ದುಡೀಲೇಬೇಕು."

"ಕತ್ತಲೆ ಕೋಣೇಲಿ ಇಟ್ಟಿದ್ವಿ ಡಾಕ್ಟ್ರೇ. ಅದರಿಂದ ಹೀಗಾಯ್ತಾ?"

"ಅದರಿಂದಲ್ಲ. ಆದ್ರೆ ಇನ್ಮೇಲೆ ಪರದೆ ತೆಗೀರಿ. ಬಿಸಿಲು, ಬೀದಿ, ಬಣ್ಣ, ಎಲ್ಲಕ್ಕಿಂತ ಜಾಸ್ತಿ ಮನುಷ್ಯರ ಮುಖ. ಪಟ್ಟಿ ಇರೋವಾಗ ಎದುರಿಗೆ ಕೂತು ಆಟ ಆಡಿಸ್ಬೇಕು. ಈಗ ಮಾಡಿದ್ರೆ ಉಂಟು. ದೊಡ್ಡೋಳಾದ ಮೇಲೆ ನೀವು ಎಷ್ಟು ಅತ್ತರೂ ಆ ಕಣ್ಣು ಕಲಿಯಲ್ಲ. ಇದು ಮನೆತನದಲ್ಲಿ ಬರುವಂಥದ್ದು. ನಿಮ್ಮ ಮನೇಲಿ ಯಾರಿಗಾದ್ರೂ ಹೀಗಿತ್ತಾ?"

ಯಾದೀರಾ ಇಲ್ಲವೆಂದಳು. ಮೂಲೆಯ ಟವೆಲ್ ಕೆಮ್ಮಿತು. "ಅದು ನನ್ನಿಂದ ಆದದ್ದು ಡಾಕ್ಟ್ರಮ್ಮಾ. ನನ್ನದು ಬಿಸಿಗಣ್ಣು."

ಡಾಕ್ಟರು ನಗಲಿಲ್ಲ. ಅವಳೂ ನಮ್ಮ ಕಡೆಯವಳೇ, ಅವಳ ಕೈಗೂ ಯಾವುದೋ ಅಜ್ಜಿ ಕೆಂಪು ದಾರ ಕಟ್ಟಿರಲೇಬೇಕು. ಟವೆಲ್ ತೆಗೆಸಿ, ಅವನ ಕಣ್ಣಿಗೂ ಬೆಳಕು ಬಿಟ್ಟು ನೋಡಿದಳು. "ಕಾವು ಗೀವು ಏನೂ ಇಲ್ಲ ದೋನ್. ಹೊಗೆಗೆ ಕೆಂಪಾಗಿದೆ, ಪೊರೆ ಬರೋಕೆ ಶುರುವಾಗಿದೆ."

ಪೊನ್ಸಿಯಾನೊಗೆ ಸಮಾಧಾನವಾಗುವ ಬದಲು ಒಂದು ತರಹ ಅವಮಾನವಾಯಿತು. ಊರನ್ನೇ ನಡುಗಿಸಿದ ಕಣ್ಣು ಬರೀ ಪೊರೆ ಬಂದ ಕಣ್ಣಾ? ಆ ಬೆಳಕಿಗೆ ಕಾವು ಕಾಣುತ್ತದೆಯೇ? ಮೈಬಿಸಿ ನೋಡಬೇಕಾದರೆ ಕೈ ಇಟ್ಟು ನೋಡುತ್ತಾರೆಯೇ ಹೊರತು ದೀಪ ಹಿಡಿದು ನೋಡುತ್ತಾರೆಯೇ? ಮತ್ತೆ ಟವೆಲ್ ಹೊದ್ದುಕೊಂಡ.

ವಾಪಸು ಬರುವಾಗ ನೊಯೆಲಿಯಾಳ ಬಲಗಣ್ಣಿಗೆ ಪಟ್ಟಿ. ಕಿತ್ತು ಹಾಕಲು ಅವಳ ಕೈ ಮೇಲೆ ಹೋಯಿತು. ಅಷ್ಟರಲ್ಲಿ ಎದುರಿಗೆ ಮುಖವೇ ಇಲ್ಲದ, ದೊಡ್ಡ, ಉಸಿರಾಡುವ ಬಟ್ಟೆಯ ರಾಶಿಯೊಂದು ಮಸಕುಮಸಕಾಗಿ ಕಂಡಿರಬೇಕು. ಪಟ್ಟಿ ಮರೆತು ಟವೆಲಿನ ತುದಿ ಹಿಡಿದಳು. ಅವಳು ಎಳೆದಳು, ಇವನೂ ಎಳೆದ. ಊರು ಬರುವವರೆಗೂ ಇದೇ ಹಗ್ಗಜಗ್ಗಾಟ, ಬಸ್ಸಿಗೆಲ್ಲ ಕೇಳುವ ಹಾಗೆ ಅವಳ ಕೇಕೆ. "ಬಿಡಪ್ಪಾ ಟವೆಲು, ನೋಡು ಅವಳನ್ನ" ಎಂದಳು ಯಾದೀರಾ. ಅವನು ಬಿಡಲಿಲ್ಲ. ಮನೆಗೆ ಬಂದು ಒಲೆಮನೆಯ ಹಿಂದೆ ಕೂತು ಬಿಕ್ಕಿ ಬಿಕ್ಕಿ ಅತ್ತ.

ಮನೆಯಲ್ಲಿ ಪಟ್ಟಿಯ ಆಟ ನಡೆಯಲಿಲ್ಲ. ಕನ್ನಡಕ ಮೂಗಿನ ಮೇಲೆ ಹೇಗೋ ನಿಂತಿತು, ಪಟ್ಟಿ ನಿಲ್ಲಲೊಲ್ಲದು. ಯಾದೀರಾ ಅಂಟಿಸುತ್ತಾಳೆ, ಮಗು ಕೀಳುತ್ತದೆ. ಒಮ್ಮೆ ಪಟ್ಟಿ ಬೆಕ್ಕಿನ ಬೆನ್ನ ಮೇಲೆ ಸಿಕ್ಕಿತು, ಒಮ್ಮೆ ಅನ್ನದ ತಟ್ಟೆಯಲ್ಲಿ. ಆಮೇಲೆ ಇದ್ದಕ್ಕಿದ್ದಂತೆ ಮಗು ಪಟ್ಟಿ ಕಟ್ಟಿಕೊಂಡೇ ಹಾಯಾಗಿ ಆಡತೊಡಗಿತು. ಯಾದೀರಾ ಖುಷಿಯಿಂದ ಓಡಿ ಬಂದು ನೋಡುತ್ತಾಳೆ, ಪಟ್ಟಿ ಎಡಗಣ್ಣಿನ ಮೇಲಿದೆ!

"ಅತ್ತೇ! ಏನಿದು?"

"ಆ ಡಾಕ್ಟ್ರು ಹುಡುಗಿಗೆ ಎಡ ಬಲ ಗೊತ್ತಿಲ್ಲ ಕಣೇ. ಚೆನ್ನಾಗಿರೋ ಕಣ್ಣು ಮುಚ್ಚಿ ಕೆಟ್ಟ ಕಣ್ಣು ಬಿಡೋದು ಯಾವ ಸೀಮೆ ವೈದ್ಯ? ಗಾಯ ಒಂದು ಕಾಲಿಗಾದ್ರೆ ಪಟ್ಟಿ ಇನ್ನೊಂದು ಕಾಲಿಗೆ ಕಟ್ತಾರಾ? ನಾನೇ ಸರಿ ಮಾಡಿದೆ."

ಯಾದೀರಾ ಕುಸಿದು ಕೂತಳು. ಡಾಕ್ಟರು ಹೇಳಿದ್ದನ್ನು ಮೊದಲಿಂದ ಮತ್ತೆ ಹೇಳಿದಳು: ಕೆಲಸ ಮಾಡದ ಕಣ್ಣಿಗೇ ಕೆಲಸ ಕೊಡಬೇಕು, ಈಗ ಬಿಟ್ಟರೆ ಆ ಕಣ್ಣು ಇನ್ನು ಯಾವತ್ತೂ ಕಲಿಯುವುದಿಲ್ಲ, ಇದು ಮನೆತನದಲ್ಲಿ ಬರುವಂಥದ್ದು. "ಬಸ್ಸಲ್ಲಿ ಅಪ್ಪನ ಜೊತೆ ಇದ್ದಾಗ ಮಾತ್ರ ಅವಳು ಪಟ್ಟಿ ಮುಟ್ಟಲಿಲ್ಲ ಅತ್ತೆ" ಎಂದಳು. ತ್ರಾನ್ಸಿತೊ ಎಂದಿನಂತೆ ಮುಖ ಓರೆ ಮಾಡಿಕೊಂಡು ಕೇಳಿದಳು. ಎದ್ದು ಕಿಟಕಿಯ ಪರದೆಯನ್ನು ಸರಳಿನ ಸಮೇತ ಕಿತ್ತು ಹಾಕಿದಳು. ಶಾಲು ಹೊದ್ದು ಹೊರಟೇಬಿಟ್ಟಳು.

ಒಲೆಮನೆಯಲ್ಲಿ ಪೊನ್ಸಿಯಾನೊ ತಟ್ಟೆಗಳನ್ನು ಹೊರಗೆಳೆಯುತ್ತಿದ್ದ. ಬೀಗಿತಿಯನ್ನು ಕಂಡು ಅಭ್ಯಾಸಬಲದಿಂದ ಅಂಗಿಯ ಗುಂಡಿ ಬಿಚ್ಚತೊಡಗಿದ.

"ಅಂಗಿ ಬೇಡ ಬೀಗರೇ. ನೀವೇ ಬನ್ನಿ."

"ನಾನಾ? ಬೇಡ, ಬೇಡ. ಇಗರ್ಜೀಲಿ ನೋಡಿದ್ದಕ್ಕೇ ಹೀಗಾಯ್ತು. ಇನ್ನೊಂದು ಕಣ್ಣೂ ಹೋದ್ರೆ?"

ತ್ರಾನ್ಸಿತೊ ಹಿಟ್ಟಿನ ಮೂಟೆಯ ಮೇಲೆ ಕೂತಳು. ಅವಳು ಹಾಗೆ ಕೂತದ್ದನ್ನು ಪೆತ್ರೋನಾ ಯಾವತ್ತೂ ನೋಡಿರಲಿಲ್ಲ. "ಬೀಗರೇ, ಈಗ ನೀವು ನನ್ನ ಯಾವ ಕಡೆ ಇದ್ದೀರಿ?"

"ಎಡಗಡೆ."

"ನನಗೆ ನೀವು ಕಾಣ್ತಿಲ್ಲ. ಒಂದು ಮಸಕು, ಅಷ್ಟೆ. ಚಿಕ್ಕಂದಿನಿಂದ ಹೀಗೇ. ನಮ್ಮಮ್ಮ ಯಾರ ಹತ್ರಾನೂ ಹೇಳ್ಬೇಡ, ಮದುವೆ ಆಗಲ್ಲ ಅಂದಿದ್ಲು. ಓರೆ ತಿರುಗಿ ನೋಡೋದು ಕಲಿತೆ. ಜಂಬ ಅಂತ ನೀವೆಲ್ಲಾ ಆಡ್ಕೊಂಡಿದ್ದು ನನಗೆ ಗೊತ್ತಿಲ್ವಾ? ಆಡ್ಕೊಳ್ಳಲಿ, ಕುರುಡಿ ಅನ್ನೋದಕ್ಕಿಂತ ವಾಸಿ ಅಂತ ಸುಮ್ನಿದ್ದೆ." ಅವಳು ಮುಖವನ್ನು ಪೂರ್ತಿ ಅವನ ಕಡೆ ತಿರುಗಿಸಿದಳು. "ನಿಮ್ಮ ಅರ್ಧ ಅಲ್ಲ ಬೀಗರೇ. ನನ್ನ ಅರ್ಧ. ಅದು ನನ್ನಿಂದ ಬಂದದ್ದು. ನಿಮ್ಮನ್ನ ಬಾಯಿಗೆ ಬಂದಂಗೆ ಅಂದೆ."

ಪೆತ್ರೋನಾ ಒಂದು ಲೋಟ ಕಾಫಿ ತಂದು ಬೀಗಿತಿಯ ಕೈಗಿಟ್ಟಳು. ಬಲಗಡೆಯಿಂದ.

ಪೊನ್ಸಿಯಾನೊ ಹೋದ. ಆದರೆ ಒಂದು ಜನ್ಮದ ಭಯ ಒಂದು ಲೋಟ ಕಾಫಿಗೆ ಇಳಿಯುತ್ತದೆಯೇ? ಬೆಳಕು ತುಂಬಿದ ಆ ಕೋಣೆಯಲ್ಲಿ ನೆಲದ ಮೇಲೆ ಕೂತವನೇ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಯಾದೀರಾ ಮಗುವಿಗೆ ಪಟ್ಟಿ ಅಂಟಿಸಿ, ಸರಿಯಾದ ಕಣ್ಣಿಗೇ ಅಂಟಿಸಿ, ಎದುರಿಗೆ ಬಿಟ್ಟಳು. ನೊಯೆಲಿಯಾಳ ಕೈ ಪಟ್ಟಿಯ ಕಡೆ ಹೋಯಿತು. ಅಲ್ಲೇ ತಡೆಯಿತು. ಎದುರಿಗೆ ಒಂದು ಮುಖ, ಮುಖದಲ್ಲಿ ಸುಕ್ಕುಗಟ್ಟಿ ಮುಚ್ಚಿದ ಎರಡು ಕಣ್ಣು. ಅವಳು ತೀರ ಹತ್ತಿರಕ್ಕೆ ಬಂದಳು. ಕನ್ನಡಕ ಅವನ ಮೂಗಿಗೆ ತಾಗಿತು. ಪುಟ್ಟ, ಅಂಟಂಟು ಬೆರಳಿನಿಂದ ಅವನ ಒಂದು ರೆಪ್ಪೆಯನ್ನು ಹಿಡಿದು ಮೇಲಕ್ಕೆತ್ತಿದಳು.

ಅವನು ನೋಡಿದ. ಎಡಗಣ್ಣು ಗಾಜಿನ ಹಿಂದಿನಿಂದ ಕಷ್ಟಪಟ್ಟು, ಅತ್ತ ಇತ್ತ ಜಾರುತ್ತಾ, ಅವನನ್ನು ಹುಡುಕುತ್ತಿತ್ತು. ಹುಡುಕಿ ಹುಡುಕಿ ಅವನ ಕಣ್ಣ ಮೇಲೆ ಬಂದು ನಿಂತಿತು.

"ಇದೂ" ಎಂದಿತು ಮಗು, ಇನ್ನೊಂದು ರೆಪ್ಪೆಗೆ ಬೆರಳಿಂದ ತಿವಿದು.

ಅವನು ಉಸಿರು ಬಿಗಿಹಿಡಿದು ಕೂತ. ಬಾಗಿಲಲ್ಲಿ ಎರಡೂ ಕೈಯಲ್ಲಿ ಶಾಲು ಹಿಡಿದು ನಿಂತಿದ್ದ ತ್ರಾನ್ಸಿತೊ, "ಬಿಡಿ ಬೀಗರೇ. ಎರಡೂ ಬಿಟ್ಟು ನೋಡಿ" ಎಂದಳು.

ಪೊನ್ಸಿಯಾನೊ ಎರಡೂ ಕಣ್ಣು ಬಿಟ್ಟು ತನ್ನ ಮೊಮ್ಮಗಳನ್ನು ನೋಡಿದ.